ಸಿರಾದ ಅಗ್ಗಿಷ್ಟಿಕೆ, ಕೈ ಎತ್ತಿ ನಿಂತವಳು

ಬೆಳಗ್ಗೆ ಆರೂವರೆಗೆ ಕೊರಟಗೆರೆ ಬಸ್ ನಿಲ್ದಾಣದಲ್ಲಿ ಎಂಥ ಮಂಜು ಮುಸುಕಿತ್ತೆಂದರೆ, ಬಸ್ಸು ಯಾವ ಊರಿನದೆಂದು ತಿಳಿಯಲು ಬೋರ್ಡಿನ ಬುಡಕ್ಕೇ ಹೋಗಿ ನಿಲ್ಲಬೇಕಿತ್ತು. ಎರಡು ಖಾಸಗಿ ಬಸ್ಸುಗಳು ಮಧುಗಿರಿ, ಮಧುಗಿರಿ ಎಂದು ಕೂಗಿ ಕರೆದವು. ನಾನು ಹತ್ತಲಿಲ್ಲ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಮೂವತ್ತೊಂದು ವರ್ಷ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಧೂಳು ಕುಡಿದು ನಿವೃತ್ತಳಾದವಳು ನಾನು. ಸರ್ಕಾರ ಕೊಡುವ ಒಂದೇ ಒಂದು ಸುಖವನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ. ಹಾಗಾಗಿ ಮುಕ್ಕಾಲು ಗಂಟೆ ಚಳಿಯಲ್ಲಿ ನಡುಗಿದೆ.

ಹೊರಟದ್ದು ಪಾವಗಡದ ಆಚೆ, ತಿರುಮಣಿ ದಾಟಿ ವಳ್ಳೂರು ಕಡೆ ಹೋಗುವ ದಾರಿಯಲ್ಲಿರುವ ನಮ್ಮಕ್ಕನ ಊರಿಗೆ. ಅಕ್ಕನ ಮಗಳು ರೂಪಾ ತವರಿನಲ್ಲಿ ಬಾಣಂತನಕ್ಕೆ ಬಂದಿದ್ದಳು. ಗಂಡು ಮಗು, ಐವತ್ತು ದಿನ ತುಂಬಿತ್ತು. ಹಿಂದಿನ ದಿನ ಅಕ್ಕ ಫೋನು ಮಾಡಿ ಮೊದಲು ಅತ್ತಳು, ಆಮೇಲೆ ಮಾತಾಡಿದಳು.

"ಸರೋಜಾ, ರೂಪಂಗೆ ಸನ್ನಿ ಹಿಡ್ಕಂಡದೆ ಕಣೆ. ಮೂಲೇಲಿ ಯಾರೋ ಹೆಂಗ್ಸು ಕೈ ಎತ್ಕಂಡು ನಿಂತವ್ಳೆ ಅಂತಾಳೆ. ಬೀಗ್ರಿಗೆ ಗೊತ್ತಾಗೋಯ್ತು. ಇಂಥೋಳ ತಾವ ಕೂಸು ಬುಡಾಕಾಗಲ್ಲ, ಶುಕ್ರವಾರ ಬಂದು ಮಗೀನ ತಗಂಡೋಯ್ತೀವಿ ಅಂದವ್ರೆ. ಎಲ್ಲಾ ಈ ಚಳಿ ಸೀತಕ್ಕೇ ಬಂದಿರಾದು. ಮಣ್ಣಿನ ಅಗ್ಗಿಷ್ಟಿಕೆ ಬಿರುಕು ಬುಟ್ಟದೆ. ಸಿರಾದಿಂದ ದೊಡ್ಡದು, ಕಬ್ಬಿಣದ್ದು ತಗಂಡು ನಾಳೀಕೇ ಬಂದ್ಬುಡು."

ಅಗ್ಗಿಷ್ಟಿಕೆ ಎಂದರೆ ಕೆಂಡ ತುಂಬಿ ಕೋಣೆ ಕಾಯಿಸುವ ಮೂರು ಕಾಲಿನ ಪಾತ್ರೆ. ನಮ್ಮ ಕಡೆ ಪುಷ್ಯದ ಚಳಿಯಲ್ಲಿ ಅದಿಲ್ಲದೆ ಬಾಣಂತನವಿಲ್ಲ. ಹಿಮ ಬೀಳುವ ಊರಿನವರು ನಮ್ಮ ಚಳಿ ಕೇಳಿದರೆ ನಕ್ಕಾರು. ಆದರೆ ಬಾಣಂತಿಗೆ ಶೀತ ತಗುಲಿದರೆ ಸನ್ನಿ, ಸನ್ನಿ ಹಿಡಿದರೆ ತಲೆ ಕೆಡುತ್ತದೆ ಎಂದು ನಮ್ಮಲ್ಲಿ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು. ನನಗೂ ಗೊತ್ತಿತ್ತು. ಅದನ್ನು ನಂಬಿಯೇ ಬಸ್ಸು ಹತ್ತಿದೆ.

ಮಧುಗಿರಿಯಲ್ಲಿ ಇಳಿದಾಗ ಎಂಟು ಗಂಟೆ. ಊರಿನ ನೆತ್ತಿಯ ಮೇಲೆ ಸದಾ ಕೂತಿರುವ ಆ ಏಕಶಿಲೆಯ ಬೆಟ್ಟ ಅಂದು ಇರಲಿಲ್ಲ. ಎಷ್ಟು ಹುಡುಕಿದರೂ ಬೆಳ್ಳಗಿನ ಗೋಡೆಯೊಂದೇ ಕಾಣುತ್ತಿತ್ತು. ಚಿಕ್ಕಂದಿನಿಂದ ನೋಡಿದ ಬೆಟ್ಟ ಇದ್ದಕ್ಕಿದ್ದಂತೆ ಇಲ್ಲವಾದರೆ ಮನಸ್ಸಿಗೆ ಏನೋ ಕಸಿವಿಸಿ. ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಲೋಟ ಕಾಫಿ ಕುಡಿದು, ಸಿರಾ ಬಸ್ಸಿನ ಕಿಟಕಿ ಪಕ್ಕ ಕೂತೆ. ಬಡವನಹಳ್ಳಿ ದಾಟುವವರೆಗೂ ಹೊರಗೆ ಏನೂ ಕಾಣಲಿಲ್ಲ.

ಸಿರಾದಲ್ಲಿ ತಗಡು, ಕಬ್ಬಿಣದ ಕೆಲಸದವರ ಓಣಿ ಹುಡುಕಲು ಕಷ್ಟವಿಲ್ಲ, ಸದ್ದೇ ದಾರಿ ತೋರಿಸುತ್ತದೆ. ಮೂರನೇ ಅಂಗಡಿಯಲ್ಲಿ ರಹೀಂ ಭಾಯಿ ಎಂಬ ಮುದುಕರು ಹಂಡೆಯ ತಳಕ್ಕೆ ತೇಪೆ ಹಾಕುತ್ತಿದ್ದರು. ಬಿಳಿ ಗಡ್ಡ, ಮೈಮೇಲೆ ಎರಡು ಸ್ವೆಟರು. ಮೂಲೆಯಲ್ಲಿದ್ದ ಅಗ್ಗಿಷ್ಟಿಕೆಗಳಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ನಾನೇ ಆರಿಸಿದೆ. ಅವರು ಅದನ್ನು ಒರೆಸುತ್ತಾ ಕೇಳಿದರು.

"ಯಾತಕ್ಕಮ್ಮಾ ಇಷ್ಟ್ ದೊಡ್ಡದು? ಶಾದಿ ಗೀದಿನಾ?"

"ಬಾಣಂತಿ ಕೋಣೆಗೆ."

ಅವರ ಕೈ ನಿಂತಿತು. "ಮನೆ ಎಂಥದ್ದು? ಮಾಳಿಗೆ ಮನೇನೋ, ಆರ್‌ಸಿಸಿನೋ?"

"ಆರ್‌ಸಿಸಿ. ಹೊಸಾದು. ಮೂರು ವರ್ಷ ಆಯ್ತು."

"ಹಂಗಾದ್ರೆ ಸಣ್ಣದು ತಗಳ್ರಿ. ಕಿಟಕಿ ಒಂದ್ ಗೇಣು ತೆಗ್ದಿಡ್ರಿ. ಖಂಡಿತಾ ತೆಗ್ದಿಡ್ಬೇಕು, ಮರೀಬ್ಯಾಡ್ರಿ."

ನನಗೆ ಸಿಟ್ಟು ಬಂತು. ಬಾಣಂತಿ ಕೋಣೆಯ ಕಿಟಕಿ ಯಾರಾದರೂ ತೆಗೆಯುತ್ತಾರೆಯೇ? ಕೋಣೆ ಕಾಯಿಸಲು ಕೆಂಡ, ಕಾವು ಹೋಗಲು ಕಿಟಕಿ, ಇದೆಂಥ ಲೆಕ್ಕ ಎಂದೆ. ಅವರು ಇನ್ನೇನೋ ಹೇಳಲು ಬಾಯಿ ತೆರೆದರು. ನನಗೆ ಬಸ್ಸಿನ ಚಿಂತೆ. ದುಡ್ಡು ಕೊಟ್ಟು, ಅಗ್ಗಿಷ್ಟಿಕೆಯನ್ನು ಗೋಣಿಚೀಲದಲ್ಲಿ ಸುತ್ತಿಸಿಕೊಂಡು ಹೊರಟೇಬಿಟ್ಟೆ. ದಾಖಲೆ ಕೋಣೆಯಲ್ಲಿ ಎದುರಿಗೆ ನಿಂತವರ ಮಾತು ಪೂರ್ತಿ ಕೇಳದೆ ಕಡತಕ್ಕೆ ಕೈ ಹಾಕುವುದು ನನ್ನ ಹಳೆಯ ಚಾಳಿ. ಅದು ನಿವೃತ್ತಿಯೊಂದಿಗೆ ಹೋಗಿರಲಿಲ್ಲ.

ಮತ್ತೆ ಮಧುಗಿರಿಗೆ ಬಂದು ಪಾವಗಡದ ಬಸ್ಸು ಹಿಡಿದೆ. ಕಂಡಕ್ಟರ್ ಗೋಣಿಚೀಲ ಒದ್ದು ನೋಡಿ, "ನಿಮ್ಗೆ ಟಿಕೆಟ್ ಫ್ರೀ ಕಣಮ್ಮ, ಇದೇನು ಹೆಂಗ್ಸಾ ಗಂಡ್ಸಾ?" ಎಂದ. ಬಸ್ಸಿನವರೆಲ್ಲ ನಕ್ಕರು. ಲಗೇಜಿಗೆ ಇಪ್ಪತ್ತು ರೂಪಾಯಿ ತೆತ್ತು ಅದನ್ನು ಕಾಲ ಸಂದಿಯಲ್ಲಿಟ್ಟುಕೊಂಡೆ. ಮಿಡಿಗೇಶಿ ಬಳಿ ಮಂಜು ಸ್ವಲ್ಪ ಸರಿಯಿತು. ಬಂಡೆ, ಬಳ್ಳಾರಿ ಜಾಲಿ, ಮತ್ತೆ ಬಂಡೆ. ಸೂರ್ಯ ತೊಳೆದಿಟ್ಟ ತಟ್ಟೆಯ ಹಾಗೆ ಬಿಳಿಯಾಗಿ ತೂಗುತ್ತಿದ್ದ. ಕಾವು ಮಾತ್ರ ಇರಲಿಲ್ಲ.

ಪಾವಗಡದಲ್ಲಿ ಮುದ್ದೆ, ಹುರುಳಿಕಾಳು ಸಾರು ಉಂಡು, ತಿರುಮಣಿ ಕಡೆಯ ಬಸ್ಸು ಹತ್ತುವಾಗ ಮೂರು ಗಂಟೆ ದಾಟಿತ್ತು. ಪಕ್ಕದಲ್ಲಿ ಕೂತ ಮುದುಕಿ ಗೋಣಿಚೀಲ ಮುಟ್ಟಿ ನೋಡಿ ತೆಲುಗಿನಲ್ಲಿ ಕೇಳಿದಳು: "ಏಮ್ಮಾ ಇದಿ? ಕುಂಪಟಿನಾ? ಬಾಲಿಂತಕಾ?" ಹೌದು, ಅಗ್ಗಿಷ್ಟಿಕೆಯೇ, ಬಾಣಂತಿಗೇ ಎಂದು ಊರ ಹೆಸರು ಹೇಳಿದೆ. ಅವಳು ಚೀಲದಿಂದ ಕೈ ಹಿಂದಕ್ಕೆ ಎಳೆದುಕೊಂಡಳು. "ಓಹೋ, ದಯ್ಯಂ ಕನಪಡೇ ಅಮ್ಮಾಯಾ?" ದೆವ್ವ ಕಾಣುವ ಹುಡುಗಿಯಾ, ಎಂದು ಕೇಳಿದಂತೆ. ಆಮೇಲೆ ಎದ್ದು ಹೋಗಿ ಮುಂದಿನ ಸೀಟಿನಲ್ಲಿ ಕೂತಳು. ಅಕ್ಕನ ಮನೆಯ ಸುದ್ದಿ ನನಗಿಂತ ಮುಂಚೆ ಬಸ್ಸು ಹತ್ತಿಬಿಟ್ಟಿತ್ತು.

ತಿರುಮಣಿ ದಾಟಿದ ಮೇಲೆ ಹೊಲಗಳಿರಲಿಲ್ಲ. ಎರಡು ಕಡೆಯೂ ತಂತಿ ಬೇಲಿ, ಬೇಲಿಯಾಚೆ ಕಣ್ಣು ಹೋಗುವಷ್ಟು ದೂರ ಸೋಲಾರ್ ಫಲಕಗಳು. ಸಾಲು, ಸಾಲು, ಸಾಲು. ಎಲ್ಲವೂ ಒಂದೇ ಕಡೆ ಮುಖ ಮಾಡಿದ್ದವು. ಹಿಂದೆ ಈ ದಾರಿಯಲ್ಲಿ ಬಂದಾಗ ಕಡಲೆಕಾಯಿ ಹೊಲದಲ್ಲಿ ಬಗ್ಗಿದ ಹೆಂಗಸರು ಬಸ್ಸಿನ ಸದ್ದಿಗೆ ಸೊಂಟ ನೆಟ್ಟಗೆ ಮಾಡಿ ನೋಡುತ್ತಿದ್ದರು. ಈಗ ನೋಡುವವರಿಲ್ಲ. ಬಸ್ಸು ನನ್ನನ್ನು ಇಳಿಸಿ ಹೋದ ಮೇಲೆ ಒಂದು ಸದ್ದು ಕೇಳಿಸಿತು. ಎಲ್ಲೋ ಯಂತ್ರವೊಂದು ಹಲ್ಲು ಕಚ್ಚಿ ಗುನುಗುವಂಥ ಸದ್ದು. ಒಂದು ಕಾಗೆಯೂ ಕೂಗಲಿಲ್ಲ.

ಅಕ್ಕನ ಹೊಲವೂ ಆ ಬೇಲಿಯೊಳಗೇ ಇದೆ, ಗುತ್ತಿಗೆಗೆ ಕೊಟ್ಟದ್ದು. ಭಾವ ತಿಪ್ಪೇಸ್ವಾಮಿಗೆ ಅಲ್ಲೇ ಕಾವಲು ಕೆಲಸ. ಗುತ್ತಿಗೆ ಬಂದ ಮೇಲೆ ಹಳೆಯ ಮಾಳಿಗೆ ಮನೆ ಕೆಡವಿ, ಅದೇ ಪಾಯದ ಮೇಲೆ ಆರ್‌ಸಿಸಿ ಮನೆ ಕಟ್ಟಿ, ತಾರಸಿಯಲ್ಲಿ ನೀರು ಕಾಯಿಸುವ ಸೋಲಾರ್ ಕೂರಿಸಿದ್ದರು. ಊರ ಸುತ್ತ ಇಷ್ಟೊಂದು ಬಿಸಿಲು ಕೊಯ್ಯುತ್ತಿದ್ದರೂ ಅಕ್ಕನ ಮನೆಯ ನಲ್ಲಿಯಲ್ಲಿ ಎಂಟು ದಿನದಿಂದ ಬರುತ್ತಿದ್ದದ್ದು ಉಗುರುಬೆಚ್ಚಗಿನ ನೀರು. ಮಂಜು ಕವಿದರೆ ಸೋಲಾರ್ ಏನು ಮಾಡೀತು? ಹಿತ್ತಿಲಲ್ಲಿ ಹಂಡೆ ಒಲೆ ಉರಿಯುತ್ತಿತ್ತು. ಬಾಣಂತಿ ಸ್ನಾನಕ್ಕೆ ಸೌದೆ, ಆಮೇಲೆ ಉಳಿದ ಕೆಂಡ ಕೋಣೆಗೆ. ಕರೆಂಟಿನ ಹೀಟರ್ ತರಬಹುದಿತ್ತಲ್ಲ ಎಂದದ್ದಕ್ಕೆ ಅಕ್ಕ, "ಅದು ಒಣ ಕಾವು ಕಣೆ, ಎಲುಬಿಗೆ ಇಳಿಯಾಕಿಲ್ಲ," ಎಂದಳು.

ಬಾಣಂತಿ ಕೋಣೆ ಒಳಗಿನ ಮೂಲೆಯಲ್ಲಿತ್ತು. ಕಿಟಕಿಯ ಸಂದಿಗೆಲ್ಲ ಹಳೆ ಸೀರೆಯ ಚೂರು ತುರುಕಿ, ಮೇಲೆ ಟೇಪು ಅಂಟಿಸಿದ್ದರು. ಬಾಗಿಲ ಕೆಳಗೆ ಗೋಣಿತಾಟು. ರೂಪಾ ತಲೆಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕೂತಿದ್ದಳು. ಕೆನ್ನೆ ಕೆಂಪಗಿತ್ತು. ಮಗು ಪಕ್ಕದಲ್ಲಿ ಮಲಗಿತ್ತು.

"ನೋಡು, ಬಾಣಂತಿ ಕಳೆ ಹೆಂಗದೆ," ಎಂದಳು ಅಕ್ಕ. "ಕೂಸೂ ಅಷ್ಟೆ, ಹಟವೇ ಇಲ್ಲ. ಸಂಜೆ ಮಲಗ್ದೋನು ಬೆಳಿಗ್ಗೆಗಂಟ ಏಳಾಕಿಲ್ಲ."

ಅಕ್ಕ ಹಿತ್ತಿಲಿಗೆ ಹೋದ ಮೇಲೆ ರೂಪಾ ನನ್ನ ಕೈ ಹಿಡಿದಳು. ಹುಚ್ಚಿಯ ಕಣ್ಣಲ್ಲ ಅವು, ಹೆದರಿದವಳ ಕಣ್ಣು.

"ಚಿಕ್ಕಮ್ಮ, ನನ್ ಮಗೀನ ತಗಂಡೋಗ್ತಾರಂತೆ. ನೀನಾದ್ರೂ ಹೇಳು. ನಂಗೇನೂ ಆಗಿಲ್ಲ. ಅವಳು ಬರಾದು ದಿಟ. ಸಂಜೆ ಬರ್ತಾಳೆ, ಬೆಳಿಗ್ಗೆ ಅವ್ವ ಬಾಗ್ಲು ತೆಗ್ದ ಮ್ಯಾಲೆ ಇರಲ್ಲ. ಅಗೋ, ಆ ಮೂಲೇಲಿ. ಕೈ ಮ್ಯಾಲೆತ್ಕಂಡು ನಿಂತಿರ್ತಾಳೆ. ನನ್ನ ಹೊಡಿಯಾಕೆ ಬಂದವ್ಳೋ, ಮಗೀನ ಹೊಡಿಯಾಕೋ?"

ಮೂಲೆ ನೋಡಿದೆ. ಸುಣ್ಣ ಬಳಿದ ಗೋಡೆ, ಮೇಲೆ ಚಾವಣಿ. ಅಷ್ಟೆ.

ಹಿತ್ತಿಲಲ್ಲಿ ಕೆಂಡ ತೋಡುವಾಗ ಅಕ್ಕ ದನಿ ತಗ್ಗಿಸಿ ತನ್ನ ಭಯ ಹೇಳಿದಳು. ಅವಳ ಅತ್ತೆಯನ್ನು ಹೂತದ್ದು ಹೊಲದ ಬದುವಿನಲ್ಲಿ. ಈಗ ಆ ಜಾಗ ಬೇಲಿಯೊಳಗೆ, ಫಲಕಗಳ ಅಡಿಯಲ್ಲಿದೆ. ಕಲ್ಲು ಕಿತ್ತರೋ ಬಿಟ್ಟರೋ ಗೊತ್ತಿಲ್ಲ. ಎಡೆ ಇಟ್ಟು ಮೂರು ವರ್ಷ. "ಮಣ್ಣು ಕಳ್ಕಂಡೋಳು ಮನೆಗೆ ಬಂದವ್ಳೆ ಕಣೆ. ಇನ್ನೆಲ್ಲಿಗೆ ಓಗ್ತಾಳೆ?" ನಾನು ಬೈದೆ. ಕಾಗದ ನೋಡದೆ ಏನನ್ನೂ ನಂಬುವವಳಲ್ಲ ನಾನು. ಆದರೂ ಬೇಲಿಯ ಕಡೆಯಿಂದ ಆ ಗುನುಗು ಕೇಳುತ್ತಲೇ ಇತ್ತು. ಕೆಂಡ ತೋಡುವ ಕೈ ಚುರುಕಾಯಿತು.

ಹೊಸ ಅಗ್ಗಿಷ್ಟಿಕೆಯ ತುಂಬ ಕೆಂಡ ನಾನೇ ಹಾಕಿದೆ, ಮೇಲೆ ಒಂದು ಹಿಡಿ ಇದ್ದಿಲು. ಹಳೆಯದರ ಎರಡರಷ್ಟು ಹಿಡಿಯಿತು. ಹೆಮ್ಮೆಯಿಂದಲೇ ಹೊತ್ತು ತಂದು ಮಂಚದ ಕಾಲ ಬಳಿ ಇಟ್ಟೆ. ಆಗ ಆರು ಗಂಟೆ ಇರಬಹುದು. ಅಕ್ಕ ಸಾಂಬ್ರಾಣಿ ಹಾಕಿ, ಬಾಗಿಲು ಮುಚ್ಚಿ, ಗೋಣಿತಾಟು ಒತ್ತಿ ಅಡುಗೆಗೆ ಹೋದಳು. ರೂಪಾ ಮಲಗಿದಳು. ನಾನು ಗೋಡೆಗೊರಗಿ ಕೂತೆ. ಬೆಳಗಿನಿಂದ ಕೊರೆದಿದ್ದ ಚಳಿ ಮೈಯಿಂದ ಇಳಿದು ಹೋಯಿತು. ಎಂಥ ಸುಖ ಅದು! ಅಗ್ಗಿಷ್ಟಿಕೆಯ ಕೆಂಡ ಸದ್ದಿಲ್ಲದೆ ಕೆಂಪಗಿತ್ತು.

ಎಷ್ಟು ಹೊತ್ತಾಯಿತೋ. ಹಣೆಯ ಎರಡು ಪಕ್ಕ ಬಡಿಯತೊಡಗಿತು. ಬಸ್ಸಿನ ಆಯಾಸ ಎಂದುಕೊಂಡೆ. ಬೇಲಿಯ ಗುನುಗು ಕೋಣೆಯೊಳಗೆ ಬಂದಂತಿತ್ತು. ನನ್ನ ಕಿವಿಯೊಳಗೇ ಜೇನುಹುಳು ಕೂತಂತೆ. ರೂಪಾ, ಎಂದು ಕರೆಯಲು ಹೋದೆ. ನಾಲಗೆ ಏಳಲಿಲ್ಲ.

ಮೂಲೆಯಲ್ಲಿ ಅವಳಿದ್ದಳು.

ಉತ್ಪ್ರೇಕ್ಷೆ ಮಾಡುತ್ತಿಲ್ಲ. ಕುಳ್ಳಗಿನ ಹೆಂಗಸು, ಮಂಡಿಯ ಕೆಳಗಿನವರೆಗಷ್ಟೇ ಬರುವ ಸೀರೆ. ಮುಖ ಕಾಣಲಿಲ್ಲ, ಏಕೆಂದರೆ ಅವಳು ನಮ್ಮನ್ನು ನೋಡುತ್ತಿರಲಿಲ್ಲ. ತಲೆ ಹಿಂದಕ್ಕೆ ಬಾಗಿ ಚಾವಣಿಯತ್ತ ಎತ್ತಿತ್ತು. ಬಲಗೈ ಮೇಲೆ. ಮುಷ್ಟಿ ಬಿಗಿದಿತ್ತು. ಆ ಕೈ ಒಮ್ಮೆ ಮೇಲೆ ಹೋಗಿ, ಇಳಿದು, ಮತ್ತೆ ಮೇಲೆ ಹೋಯಿತು. ನನಗೆ ಹೆದರಿಕೆಯಾಯಿತು. ಅರವತ್ತೊಂದು ವರ್ಷದಲ್ಲಿ ಅಷ್ಟು ಹೆದರಿದ್ದಿಲ್ಲ. ಹೆದರಿದಾಗ ನನಗೆ ಬರುವುದು ಸಿಟ್ಟು. ಯಾರೇ ನೀನು ಎಂದು ಕೇಳಲೆಂದೇ ಎದ್ದೆ. ಕಾಲು ನನ್ನದಾಗಿರಲಿಲ್ಲ. ಗೋಡೆ ಹಿಡಿದು, ಬಾಗಿಲಿಗೆ ಬಿದ್ದು, ಅದನ್ನು ತೆರೆದುಕೊಂಡು ಹೊರಗಿನ ಜಗಲಿಗೆ ಬಂದು, ಮಧ್ಯಾಹ್ನ ಉಂಡದ್ದೆಲ್ಲ ಕಾರಿಕೊಂಡೆ.

ಅಕ್ಕ ನೀರು ತಂದಳು, ಬೆನ್ನು ನೀವಿದಳು, ಬಾಗಿಲು ಮತ್ತೆ ಮುಚ್ಚಿ ಬಂದಳು. ಜಗಲಿಯ ಮೇಲೆ ಕೂತು ತಣ್ಣಗಿನ ಗಾಳಿ ಎಳೆದುಕೊಂಡೆ. ಎರಡು ನಿಮಿಷಕ್ಕೆ ಜೇನುಹುಳು ಹೋಯಿತು. ಐದು ನಿಮಿಷಕ್ಕೆ ಕಾಲು ಬಂತು. ತಲೆ ತಿಳಿಯಾದಂತೆ ಒಂದೊಂದೇ ಮಾತು ತಾನಾಗಿ ಪಕ್ಕಪಕ್ಕ ಬಂದು ಕೂತಿತು. ಸಂಜೆ ಬರ್ತಾಳೆ, ಸಂಜೆಯೇ ಕೆಂಡ ತರುವುದು. ಬಾಗಿಲು ತೆಗೆದ ಮೇಲೆ ಇರಲ್ಲ. ಕಿಟಕಿ ಒಂದ್ ಗೇಣು, ಖಂಡಿತಾ. ಆ ಮುದುಕರ ಬಾಯಿ ತೆರೆದಿತ್ತು. ಮುಂದಿನ ಮಾತು ನಾನು ಕೇಳಿರಲಿಲ್ಲ.

"ಅಕ್ಕಾ, ಅದು ಕೆಂಡ!" ಎಂದು ಕೂಗಿ ಒಳಗೆ ಓಡಿದೆ. ರೂಪಾ ಅಲುಗಾಡಿಸಿದರೆ ಏಳಲಿಲ್ಲ. ಮಗುವನ್ನು ಎತ್ತಿದೆ. ಒದ್ದೆ ಬಟ್ಟೆಯ ಹಾಗೆ ಕೈ ಮೇಲಿಂದ ಜೋತುಬಿತ್ತು. ಹೊರಗೆ ಹೊರಟರೆ ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು, ಎರಡೂ ಕೈ ಚೌಕಟ್ಟಿಗೆ ಕೊಟ್ಟು.

"ನಿಂಗೂ ಹಿಡ್ಕಂಡ್ತಾ? ಎಳೇ ಕೂಸ್ನ ಈ ಸೀತಕ್ಕೆ ಒಯ್ತೀಯಾ? ಕೊಂದ್ಬುಡ್ತೀಯಾ ಅದ್ನ?"

"ಒಳಗಿದ್ರೆ ಸಾಯ್ತದೆ! ಬುಡು!"

ಅವಳು ಬಿಡಲಿಲ್ಲ. ನನಗಿಂತ ಆರು ವರ್ಷ ದೊಡ್ಡವಳು, ತಾಯಿಯಿಲ್ಲದ ನನ್ನನ್ನು ಬೆಳೆಸಿದವಳು. ಅವಳ ಎದೆಗೆ ಭುಜ ಕೊಟ್ಟು ನೂಕಿದೆ. ಅಕ್ಕ ಗೋಡೆಗೆ ಬಡಿದು ಕೂತುಬಿಟ್ಟಳು. ಜಗಲಿಯ ಮೇಲೆ ಮಗುವನ್ನು ಮಲಗಿಸಿ, ಟೋಪಿ ಕಿತ್ತು, ಅಂಗಾಲು ತಿಕ್ಕಿದೆ. ಏನೂ ಇಲ್ಲ. ಮುಖಕ್ಕೆ ಉಸಿರು ಊದಿದೆ, ಮತ್ತೆ ತಿಕ್ಕಿದೆ. ಬೇಲಿಯ ಗುನುಗು ಬಿಟ್ಟರೆ ಲೋಕದಲ್ಲಿ ಸದ್ದೇ ಇರಲಿಲ್ಲ. ಆಮೇಲೆ ಬೆಕ್ಕಿನ ಮರಿಯಂಥ ಒಂದು ಕುಂಯ್. ತುಸು ತಡೆದು ಇನ್ನೊಂದು. ಆಮೇಲೆ ಬಾಯಿಬಿಟ್ಟು ಅತ್ತಿತು.

ಸಂಜೆಯ ಹೊತ್ತು ಆ ಮಗುವಿನ ಅಳು ಅಕ್ಕ ಎಷ್ಟೋ ದಿನದಿಂದ ಕೇಳಿರಲಿಲ್ಲ. ಕೂತಲ್ಲಿಂದಲೇ ನನ್ನ ಮುಖ ನೋಡಿದಳು. ಎದ್ದು ಬಂದು ರೂಪಾಳ ಕಂಕುಳಿಗೆ ಕೈ ಹಾಕಿದಳು. ಇಬ್ಬರೂ ಸೇರಿ ಅವಳನ್ನು ಹೊರಗೆ ಎಳೆದು ತಂದೆವು. ಕೆಂಡದ ಮೇಲೆ ಒಂದು ಕೊಡ ನೀರು ಸುರಿದು, ಬೇಲಿಯ ಬಳಿ ಹೋಗಿ ಭಾವನನ್ನು ಕೂಗಿದೆ.

ಪಾವಗಡದ ಆಸ್ಪತ್ರೆಗೆ ಪಕ್ಕದ ಮನೆಯವರ ಕಾರಿನಲ್ಲಿ ಹೋದೆವು, ಗಾಜುಗಳನ್ನೆಲ್ಲ ಇಳಿಸಿಕೊಂಡು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಾಡಿ ನೋಡುವ ಮೊದಲೇ ಕೇಳಿದರು: "ರೂಮಲ್ಲಿ ಕೆಂಡ ಇಟ್ಟಿದ್ರಾ?" ತಾಯಿ ಮಗು ಇಬ್ಬರಿಗೂ ಆಕ್ಸಿಜನ್ ಹಾಕಿದರು. ಕೆಂಡದಿಂದ ಬರುವ ಒಂದು ಗಾಳಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮುಚ್ಚಿದ ಕೋಣೆಯಲ್ಲಿ ಅದು ರಕ್ತಕ್ಕೆ ಸೇರಿ ಮೊದಲು ತಲೆನೋವು, ಆಮೇಲೆ ಇಲ್ಲದ್ದು ಕಾಣುವುದು, ಆಮೇಲೆ ನಿದ್ದೆ ಎಂದರು. ಅಕ್ಕ ಹೇಳಿದಳು: "ಸನ್ನಿ ಅಂದ್ಕಂಡು ದಿನಾ ಕೆಂಡ ಜಾಸ್ತಿ ಮಾಡ್ದೆ ಡಾಕ್ಟ್ರೇ. ಜಾಸ್ತಿ ಆದಂಗೆ ಸನ್ನೀನೂ ಜಾಸ್ತಿ ಆಯ್ತಿತ್ತು." ಡಾಕ್ಟರಮ್ಮ ಅಕ್ಕನ ಭುಜ ಮುಟ್ಟಿ ಹೋದರು.

ಗುರುವಾರ ಮಧ್ಯಾಹ್ನ ಮನೆಗೆ ಕಳಿಸಿದರು. ಅಂದೇ ಮಂಜು ಹರಿದು ಬಿಸಿಲು ಬಂತು. ಟೇಪು ಕಿತ್ತು, ಸೀರೆಯ ಚೂರುಗಳನ್ನೆಲ್ಲ ಎಳೆದು ತೆಗೆದೆ. ಕಿಟಕಿಯ ಬಾಗಿಲಿಗೆ ಒಂದು ರೋಗ, ಬಿಟ್ಟರೆ ತಾನಾಗಿ ವಾಪಸ್ ಬಂದು ಟಪ್ಪೆಂದು ಮುಚ್ಚಿಕೊಳ್ಳುತ್ತಿತ್ತು. ಕೊಕ್ಕೆ ಮುರಿದು ವರ್ಷವಾಗಿತ್ತಂತೆ. ಹಿತ್ತಿಲಲ್ಲಿ ಬಟ್ಟೆ ಒಣಹಾಕುವ ಬಿದಿರಿನ ಕವೆಗೋಲು ಸಿಕ್ಕಿತು. ಅದನ್ನು ಅಡ್ಡ ಕೊಟ್ಟು ಒಂದು ಗೇಣು ತೆರೆದು ನಿಲ್ಲಿಸಿದೆ. ಕೌದಿ, ಕಂಬಳಿಗಳನ್ನು ದಿನವೆಲ್ಲ ತಾರಸಿಯ ಬಿಸಿಲಿಗೆ ಹಾಕಿ, ಬಿಸಿ ಇಳಿಯುವ ಮುಂಚೆ ಸುತ್ತಿ ತಂದು ಹಾಸುವುದು. ಸೋಲಾರಿನ ಬಿಸಿನೀರನ್ನು ಸ್ಟೀಲ್ ಬಾಟಲಿಗಳಲ್ಲಿ ತುಂಬಿ, ಬಟ್ಟೆ ಸುತ್ತಿ ರೂಪಾಳ ಕಾಲ ಬಳಿ ಇಡುವುದು. ಬಿಸಿಲಿಲ್ಲದ ದಿನ ಹಂಡೆಯ ನೀರು. ಸೌದೆಯ ಕೆಲಸ ಹಿತ್ತಿಲಿಗೇ ಮುಗಿಯಬೇಕು, ಕೆಂಡ ಹೊಸ್ತಿಲು ದಾಟಕೂಡದು. ಅಂದು ಸಂಜೆ ಮಗು ಹಟ ಮಾಡಿ ಮನೆ ಎತ್ತಿಹಾಕಿತು. ಮೂಲೆಯಲ್ಲಿ ಯಾರೂ ಇರಲಿಲ್ಲ ಎಂದಳು ರೂಪಾ.

ಶುಕ್ರವಾರ ಬೀಗರು ಬಂದರು, ಮಗುವಿಗೆಂದು ಹೊಸ ಶಾಲು, ಹಾಲಿನ ಪುಡಿಯ ಡಬ್ಬ ಸಮೇತ. ಬೀಗಿತ್ತಿ ಬಿಗಿದ ಮುಖದಲ್ಲಿ ಕೋಣೆಗೆ ಹೋಗಿ, ತೆರೆದ ಕಿಟಕಿ ಕಂಡು ಹುಬ್ಬು ಗಂಟಿಕ್ಕಿದರು. ಆಸ್ಪತ್ರೆಯ ಚೀಟಿ ನಾನೇ ಅವರ ಕೈಗೆ ಕೊಟ್ಟೆ; ಕಾಗದಕ್ಕೆ ಇರುವ ಬೆಲೆ ನನಗೆ ಗೊತ್ತು. ಅದನ್ನು ಎರಡು ಸಲ ಓದಿಸಿಕೊಂಡು, ರೂಪಾಳನ್ನು ಕೇಳಿದರು, "ಈಗ ಯಾರಾದ್ರೂ ಕಾಣ್ತಾವ್ರಾ?" ರೂಪಾ ಮಗುವಿಗೆ ಹಾಲು ಕೊಡುತ್ತಿದ್ದಳು. "ನೀವ್ ಕಾಣ್ತಿದೀರ ಅತ್ತೆ," ಎಂದಳು. ಬೀಗಿತ್ತಿ ನಗಬಾರದೆಂದು ಬಹಳ ಪ್ರಯತ್ನಪಟ್ಟರು. ಊಟ ಮಾಡಿ, ಶಾಲು ಡಬ್ಬ ಎರಡನ್ನೂ ಬಿಟ್ಟು, ಬರಿಗೈಯಲ್ಲಿ ಹೋದರು. ಬಾಗಿಲು ಮುಚ್ಚಿದ ಮೇಲೆ ರೂಪಾ ಮಗುವಿನ ತಲೆಯ ಮೇಲೆ ಮುಖವಿಟ್ಟು ಅತ್ತಳು.

ಕತೆ ಇಲ್ಲಿಗೆ ಮುಗಿದಿದ್ದರೆ ನನ್ನಂಥವಳಿಗೆ ಚೆನ್ನಾಗಿತ್ತು. ಶನಿವಾರ ಬೆಳಗ್ಗೆ ತಾರಸಿಯಲ್ಲಿ ಕೌದಿ ಹರಡುತ್ತಾ ನಾನು ಕೇಳಿದೆ, ಅಲ್ಲಕ್ಕಾ, ನೀನು ರೂಪಾಳನ್ನು ಹೆತ್ತಾಗ ಇದೇ ಜಾಗದಲ್ಲಿ, ಇದೇ ಕೆಂಡ ಇಟ್ಟುಕೊಂಡೇ ಬಾಣಂತನ ಆಯಿತಲ್ಲ, ಆಗ ಯಾಕೆ ಏನೂ ಆಗಲಿಲ್ಲ?

"ಅವಾಗ ನಮ್ಮತ್ತೆ ಇದ್ರು," ಎಂದಳು ಅಕ್ಕ. "ಮಾಳಿಗೇಲಿ ಬೆಳಕಿಂಡಿ ಇತ್ತಲ್ಲ. ನಾನು ಕೆಂಡ ತಂದು ಮಡಗಿದ್ದೇ ತಡ, ಕೋಲು ತಗಂಡು ಬೆಳಕಿಂಡಿ ಮುಚ್ಚಳ ತಳ್ಳೋರು. ಗಾಳಿಗೆ ಮುಚ್ಕಂಡ್ರೆ ಮತ್ತೆ ಎದ್ದು ತಳ್ಳೋರು. ಚಳಿ ಕಣತ್ತೆ ಅಂದ್ರೂ ಕೇಳ್ತಿರಲಿಲ್ಲ. ರೂಪಂಗೆ ವರ್ಷ ತುಂಬೋದ್ರೊಳಗೆ ಓಗ್ಬುಟ್ರು. ಮನೆ ಕೆಡವ್ದಾಗ ಆ ಕೋಲು ಒಂದ್ನ ನಾನೇ ಇಟ್ಕಂಡೆ, ಬಟ್ಟೆ ಹಾಕಾಕೆ..."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಬೆಳಕಿಂಡಿ ಯಾವ ಮೂಲೆಯಲ್ಲಿತ್ತು ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಕೆಳಗಿಳಿದು, ಬೇಲಿಯೊಳಗೆ ಹೊರಟಿದ್ದ ಭಾವನ ಕೈಗೆ ಒಂದು ಬಾಳೆಲೆಯಲ್ಲಿ ಎಡೆಯ ಅನ್ನ, ಹೂವು ಕಟ್ಟಿ ಕೊಟ್ಟಳು. ಭಾವ ಅದನ್ನು ತೆಗೆದುಕೊಂಡು, ಫಲಕಗಳ ಸಾಲಿನ ನೆರಳಲ್ಲಿ ಬಗ್ಗಿ ಹೋಗುವುದು ಕಾಣಿಸಿತು.

ಹನ್ನೊಂದರ ಬಸ್ಸಿಗೆ ಹೊರಟೆ. ಅಗ್ಗಿಷ್ಟಿಕೆ ಮತ್ತೆ ಗೋಣಿಚೀಲದಲ್ಲಿ. ಸಿರಾಕ್ಕೆ ಹೋಗಿ ರಹೀಂ ಭಾಯಿಯ ಮುಂದಿಟ್ಟು, ಅಂದು ಕೇಳದೆ ಬಂದ ಮಾತನ್ನು ಪೂರ್ತಿ ಕೇಳಿಸಿಕೊಳ್ಳಬೇಕಿತ್ತು. ಹೊರಡುವಾಗ ರೂಪಾಳ ಕೋಣೆಗೆ ಹೋಗಿ ಕಿಟಕಿಯ ಕೋಲನ್ನು ಗಟ್ಟಿಯಾಗಿದೆಯೇ ಎಂದು ಅಲುಗಿಸಿ ನೋಡಿದೆ. "ಇದನ್ನ ಯಾವ ಕಾರಣಕ್ಕೂ ತೆಗೀಬ್ಯಾಡ," ಎಂದು ಅಕ್ಕನಿಗೆ ಮೂರು ಸಲ ಹೇಳಿದೆ.

ಬಸ್ಸು ಊರ ತಿರುವಿನಲ್ಲಿ ನಿಧಾನವಾದಾಗ ಹಿಂತಿರುಗಿ ನೋಡಿದೆ. ಒಳ್ಳೆ ಬಿಸಿಲು, ಜೋರು ಗಾಳಿ. ಅಕ್ಕ ತಾರಸಿಯ ಮೇಲಿದ್ದಳು, ಕೌದಿಗಳನ್ನು ಮಗುಚಿ ಹಾಕುತ್ತಿದ್ದಳು, ನನ್ನ ಬಸ್ಸು ಕಂಡು ಕೈ ಬೀಸಿದಳು. ಬೀಸಿದ ಕೈಯಲ್ಲಿ ಆ ಬಿದಿರಿನ ಕವೆಗೋಲಿತ್ತು. ಮರೆಗುಳಿ, ಇಷ್ಟು ಹೇಳಿದರೂ ತೆಗೆದುಕೊಂಡೇ ಹೋಗಿದ್ದಾಳೆ ಎಂದು ಸಿಟ್ಟು ಬಂತು. ಬಸ್ಸು ನಿಲ್ಲಿಸಪ್ಪಾ ಎನ್ನಲು ಬಾಯಿ ತೆರೆದು, ಕೆಳಗೆ ಬಾಣಂತಿ ಕೋಣೆಯ ಕಡೆ ಕಣ್ಣು ಹಾಯಿಸಿದೆ.

ಅಡ್ಡ ಕೋಲಿಲ್ಲದೆ, ಆ ಗಾಳಿಯಲ್ಲೂ ಕಿಟಕಿ ಒಂದು ಗೇಣು ತೆರೆದೇ ನಿಂತಿತ್ತು. ನಾನು ಬಸ್ಸು ನಿಲ್ಲಿಸಲು ಹೇಳಲಿಲ್ಲ.